ಚಿಗರಿ ಇಟಲಿಯಲ್ಲಿ ಹರಕೆ ತೀರಿಸಿದ್ದು

ಹುಲಿಹೈದರದ ಯಂಕೋಬ ಬಳ್ಳಾರಿಗೆ ಹೋದದ್ದು ತನ್ನ ಹೇಸರಗತ್ತೆಯನ್ನು ಮಾರುವುದಕ್ಕೆ. ಮಾರಿದ್ದೂ ಆಯಿತು. ಆದರೆ ಅದರ ಬೆನ್ನಿಗೆ ತಾನೂ ಮಾರಿಹೋಗುತ್ತೇನೆಂದು ಮನೆ ಬಿಡುವಾಗ ಅವನಿಗೆ ಗೊತ್ತಿರಲಿಲ್ಲ.

ಅವನ ಕಸುಬು ಹೇರು ಹೊಡೆಯುವುದು. ಗಂಗಾವತಿಯ ಸಂತೆಯಿಂದ ಉಪ್ಪು, ಕನಕಗಿರಿಯ ಕಡೆಯಿಂದ ಮೆಣಸಿನಕಾಯಿ, ಬಂಡಿ ಹೋಗದ ಕಲ್ಲುದಾರಿಯಲ್ಲಿ ಏನಿದ್ದರೂ ಅವನ ಹೇಸರಗತ್ತೆಯ ಬೆನ್ನ ಮೇಲೇ ಹೋಗಬೇಕು. ಅದಕ್ಕೆ ಚಿಗರಿ ಎಂದು ಹೆಸರಿಟ್ಟಿದ್ದ. ಜಿಂಕೆಯ ಹಾಗೆ ಓಡಲಿ ಎಂಬ ಆಸೆಯಿಂದ ಇಟ್ಟ ಹೆಸರು. ಓಡುವುದೊಂದನ್ನು ಬಿಟ್ಟು ಚಿಗರಿ ಉಳಿದದ್ದೆಲ್ಲ ಮಾಡುತ್ತಿತ್ತು, ಅದರಲ್ಲೂ ಕಚ್ಚುತ್ತಿತ್ತು. ಬಳೆ ಮಾರುವ ಗೌಸಬೀಯ ಸೆರಗು, ಗೌಡರ ಮೊಣಕೈ, ಕೊನೆಗೆ ಲಾಳ ಬಡಿಯುವವನ ಕಿವಿ, ಹೀಗೆ ಊರಿನ ಅರ್ಧ ಮಂದಿಯ ಮೈಮೇಲೆ ಅದರ ಹಲ್ಲಿನ ಗುರುತು ಬಿದ್ದ ಮೇಲೆ, ಅದನ್ನು ಮಾರು ಎಂದು ಹೆಂಡತಿ ಹೊಳಿಯಮ್ಮ ಹಟ ಹಿಡಿದಳು.

ನಲವತ್ತೆರಡರ ಬೇಸಿಗೆ. ಹೊರಗೆಲ್ಲೋ ಯುದ್ಧ ನಡೆದಿತ್ತು. ಬಳ್ಳಾರಿಯಲ್ಲಿ ಬ್ರಿಟಿಷರ ಫೌಜಿನವರು ಹೇಸರಗತ್ತೆ ಕೊಳ್ಳುತ್ತಾರೆಂದು ಸುದ್ದಿ ಬಂತು. ನಿಜಾಮರ ಸೀಮೆ ದಾಟಿ, ಹೊಳೆ ದಾಟಿ, ಯಂಕೋಬ ಚಿಗರಿಯನ್ನು ಹೊಡೆದುಕೊಂಡು ಹೋದ. ಸಾಹೇಬ ಹಲ್ಲು ನೋಡಿದ, ಕಾಲು ನೋಡಿದ, ಛಲೋ ಇದೆ ಎಂದ. ಹಗ್ಗ ಸಿಪಾಯಿಯ ಕೈಗೆ ಹೋಯಿತು. ಚಿಗರಿ ಅವನನ್ನು ಕಚ್ಚಿತು. ಎರಡನೆಯವ ಬಂದ, ಅವನನ್ನೂ ಕಚ್ಚಿತು. ಮೂರನೆಯವ ಹಿಂದಿನಿಂದ ಬಂದು ಒದೆ ತಿಂದ. ಯಂಕೋಬ ದೂರದಿಂದ "ಏ ಚಿಗರೀ, ಸುಮ್ನಿರವಾ" ಎಂದ ಕೂಡಲೇ ಅದು ಕಿವಿ ಇಳಿಬಿಟ್ಟು ಮದುವಣಗಿತ್ತಿಯಂತೆ ನಿಂತಿತು. ಸಾಹೇಬ ಪ್ರಾಣಿಯನ್ನು ನೋಡಿದ, ಯಂಕೋಬನನ್ನು ನೋಡಿದ. ಪಕ್ಕದ ಪಂಜಾಬಿ ಜಮಾದಾರನಿಗೆ ಏನೋ ಹೇಳಿದ. ಜಮಾದಾರ ಬಂದು ಯಂಕೋಬನ ಹೆಗಲ ಮೇಲೆ ಕೈಯಿಟ್ಟ.

ನಾಲ್ಕು ದಿನದ ರಜೆಯ ಮೇಲೆ ಖಾಕಿ ಚಡ್ಡಿ ಹಾಕಿಕೊಂಡು ಮನೆಗೆ ಬಂದ ಗಂಡನನ್ನು ಹೊಳಿಯಮ್ಮ ಬಾಗಿಲಲ್ಲೇ ತಡೆದಳು.

"ಹೇಸರಗತ್ತಿ ಮಾರಾಕ ಹೋದಾರು ನಿಮ್ಮನ್ನ ನೀವ ಮಾರಕೊಂಡು ಬಂದ್ರೇನು?"

"ಹಂಗಲ್ಲ ಹೊಳಿಯಮ್ಮ, ಅದು ನಾ ಇಲ್ಲದ ಬರೂದಿಲ್ಲ ಅಂತು."

"ಹೇಸರಗತ್ತಿ ಅಂತು, ನೀವು ಕೇಳಿದ್ರಿ. ಹನ್ನೊಂದು ವರ್ಷ ಆತು, ನಾ ಅಂದದ್ದು ಒಂದರ ಕೇಳೀರೇನು?"

ಅತ್ತಳು, ಬೈದಳು, ಆಮೇಲೆ ರೊಟ್ಟಿ ಕಟ್ಟಿಕೊಂಡು ಅವನನ್ನು ಹೇಮಗುಡ್ಡದ ದುರ್ಗಮ್ಮನ ಗುಡಿಗೆ ನಡೆಸಿಕೊಂಡು ಹೋದಳು. ಫೌಜಿನಲ್ಲಿ ಕುಡಿಸುತ್ತಾರೆಂದು ಯಾರೋ ಅವಳ ಕಿವಿಯಲ್ಲಿ ಹಾಕಿದ್ದರು. ಯಂಕೋಬನ ಅಪ್ಪ ಶೇಂದಿ ಕುಡಿದು, ಕನಕಗಿರಿಗೆಂದು ಹೊರಟವನು, ದಾರಿಯ ಒಂದೇ ಬಂಡೆಯನ್ನು ಸಂಜೆಯವರೆಗೆ ಸುತ್ತಿ, ಊರು ಬಂತೆಂದು ಅಲ್ಲೇ ಮಲಗಿದ್ದ ಕತೆ ಆ ಸೀಮೆಗೆಲ್ಲ ಗೊತ್ತಿತ್ತು. ದುರ್ಗಮ್ಮನ ಮುಂದೆ ಯಂಕೋಬ ಆಣೆ ಮಾಡಿದ: ಮನೆಗೆ ತಿರುಗಿ ಬರುವತನಕ ಸೆರೆಯಾಗಲಿ ಶೇಂದಿಯಾಗಲಿ ಒಂದು ತೊಟ್ಟು ಬಾಯಿಗೆ ಬಿಡುವುದಿಲ್ಲ. "ತಾಯಿ ಅಲ್ಲೀತನಕ ನೋಡತಾಳ, ನೆಪ್ಪಿರಲಿ" ಎಂದಳು ಹೊಳಿಯಮ್ಮ.

ತಾಯಿ ನೋಡಬೇಕಾದ ದೂರ ಎಷ್ಟೆಂದು ಇಬ್ಬರಿಗೂ ಅಂದಾಜಿರಲಿಲ್ಲ. ಬಳ್ಳಾರಿಯಿಂದ ಮುಂಬಯಿ, ಮುಂಬಯಿಯಿಂದ ಹಡಗು, ಮರಳುಗಾಡು, ಮತ್ತೆ ಹಡಗು. ಎರಡು ವರ್ಷ ಕಳೆಯುವಷ್ಟರಲ್ಲಿ ಯಂಕೋಬ ಮತ್ತು ಚಿಗರಿ ಇಟಲಿಯೆಂಬ ದೇಶದಲ್ಲಿದ್ದರು. ಲಾರಿ ಹತ್ತದ ಗುಡ್ಡಗಳಿಗೆ ಮದ್ದುಗುಂಡು, ನೀರು, ಬ್ರೆಡ್ಡು ಹೊರುವುದು. ಇಳಿಯುವಾಗ ಗಾಯವಾದವರನ್ನು ಹೊತ್ತು ತರುವುದು. ಅದೇ ಕಲ್ಲು, ಅದೇ ಏರು. ಒಂದು ಥರದಲ್ಲಿ ಅವನು ಹೇರು ಹೊಡೆಯುವ ಕಸುಬನ್ನೇ ಮಾಡುತ್ತಿದ್ದ. ಮೇಲಿನಿಂದ ಆಗಾಗ ಗುಂಡು ಬೀಳುವುದೊಂದೇ ಹೆಚ್ಚಿಗೆ.

ನಲವತ್ನಾಲ್ಕರ ಸೆಪ್ಟೆಂಬರಿನಲ್ಲಿ ಅವರ ತುಕಡಿಗೆ ಒಂದು ಗುಡ್ಡದೂರಿನಲ್ಲಿ ವಿಶ್ರಾಂತಿ ಸಿಕ್ಕಿತು. ಆ ಊರಿನ ಹೆಸರು ಮೊಂತೆಫಿಯಾನೊ. ಯಂಕೋಬನ ಬಾಯಲ್ಲಿ ಅದು ಮೊದಲ ದಿನವೇ ಮೊಂಟಪ್ಪನಗುಡ್ಡವಾಯಿತು. ಗುಡ್ಡದ ತುದಿಗೆ ಹಳೆಯ ಕೋಟೆ, ಕೋಟೆಯೊಳಗೆ ಕಲ್ಲಿನ ಮನೆಗಳು, ಇಬ್ಬರು ಎದುರುಬದುರಾದರೆ ಒಬ್ಬ ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಗಳು. ಆನೆಗೊಂದಿಯ ಬಂಡೆಗಳನ್ನು ಯಾರೋ ಪುರುಸೊತ್ತಿನಿಂದ ಕೂತು ಕೆತ್ತಿ ಒಪ್ಪವಾಗಿ ಜೋಡಿಸಿದ ಹಾಗೆ ಕಾಣಿಸಿತು ಅವನಿಗೆ. ಗುಡ್ಡದ ಇಳಿಜಾರಿಗೆಲ್ಲ ದ್ರಾಕ್ಷಿ. ಮುನ್ನೂರು ನಾನೂರು ವರ್ಷದಿಂದ ಆ ಊರು ಹೆಸರಾದದ್ದು ದ್ರಾಕ್ಷಿಯ ಸೆರೆಗೆ. ಪ್ರತಿ ಮನೆಯ ಕೆಳಗೂ ನೆಲಮಾಳಿಗೆ, ನೆಲಮಾಳಿಗೆಯಲ್ಲಿ ಮನುಷ್ಯನಿಗಿಂತ ಎತ್ತರದ ಮರದ ಪೀಪಾಯಿ. ಜರ್ಮನರು ಓಡಿಹೋಗುವಾಗ ನೀರಿನ ನಳ ಒಡೆದು ಹೋಗಿದ್ದರು. ಹಾಗಾಗಿ ಊರಲ್ಲಿ ಕುಡಿಯುವ ನೀರಿಗೆ ಬರ, ಸೆರೆಗೆ ಬರವಿಲ್ಲ. ದುರ್ಗಮ್ಮ ಬೇಕೆಂದೇ ತನ್ನನ್ನು ಇಲ್ಲಿ ತಂದು ನಿಲ್ಲಿಸಿದ್ದಾಳೆ ಎಂದು ಯಂಕೋಬನಿಗೆ ಗುಮಾನಿ ಬಂತು.

ಅದು ದ್ರಾಕ್ಷಿಯ ಸುಗ್ಗಿ. ಊರಿನ ಎತ್ತು ಕತ್ತೆಗಳನ್ನೆಲ್ಲ ಜರ್ಮನರು ಒಯ್ದಿದ್ದರು. ಬುಟ್ಟಿಗಳನ್ನು ಗುಡ್ಡ ಹತ್ತಿಸುವವರಿಲ್ಲ. ಊರಿನ ಪಾದ್ರಿ ಬಂದು ತುಕಡಿಯ ಕಪ್ತಾನನಿಗೆ ಕೈಮುಗಿದ. ನಾಲ್ಕು ಹೇಸರಗತ್ತೆಗಳನ್ನು ಕೊಡುವುದೆಂದಾಯಿತು. ಚಿಗರಿ ಮತ್ತು ಯಂಕೋಬನ ಪಾಲಿಗೆ ಬಂದದ್ದು ಅಸುಂತಾ ಎಂಬ ಮುದುಕಿಯ ತೋಟ. ಎಪ್ಪತ್ತು ದಾಟಿದವಳು, ಕರಿ ಸೀರೆಯಂಥ ಕರಿ ಲಂಗ, ತಲೆಗೆ ಕರಿ ವಸ್ತ್ರ. ಕೈ ನೋಡಿದರೆ ಯಂಕೋಬನಿಗೆ ತನ್ನ ಅವ್ವನ ಕೈ ಕಂಡಂತಾಯಿತು. ಅವತ್ತೇ ಅವಳನ್ನು ಅಸುಂತವ್ವ ಎಂದು ಕರೆದ.

ಮೊದಲ ಹೇರು ಇಳಿಸಿದ ಮೇಲೆ ಅಸುಂತವ್ವ ಒಳಗಿನಿಂದ ಒಂದು ಗ್ಲಾಸು ಹಿಡಿದು ಬಂದಳು. ತುಂಬ ಕೆಂಪು.

"ಬೇವಿ!" ಎಂದಳು. "ಬೇವಿ, ಬೇವಿ!"

ಯಂಕೋಬನಿಗೆ ಸಂತೋಷವಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಒಂದು ಕನ್ನಡದ ಮಾತು. ಬೇವಿನ ಕಷಾಯ ಕೊಡುತ್ತಿದ್ದಾಳೆ ಪಾಪ, ಗುಡ್ಡ ಹತ್ತಿ ಮೈ ಕಾದಿದೆಯೆಂದು. ಗ್ಲಾಸನ್ನು ಮೂಗಿನ ಹತ್ತಿರ ತಂದ. ಬೇವಲ್ಲ. ಅವನಪ್ಪ ಬಂಡೆ ಸುತ್ತಿದ ದಿನದ ವಾಸನೆ. ಕೆಂಡ ಮುಟ್ಟಿದವನಂತೆ ಕಲ್ಲಿನ ಕಟ್ಟೆಯ ಮೇಲೆ ಇಟ್ಟುಬಿಟ್ಟ.

ಅಸುಂತವ್ವ ಅತ್ತ ಚಿಗರಿಯ ಕುತ್ತಿಗೆ ಸವರುತ್ತ "ಬೆಲ್ಲಾ, ಬೆಲ್ಲಾ" ಎನ್ನುತ್ತಿದ್ದಳು.

"ಬೆಲ್ಲ ಎಲ್ಲೈತಿ ಯವ್ವಾ? ಬೇವು ಅಂತಿ, ಬೆಲ್ಲ ಅಂತಿ. ಉಗಾದಿ ಆಗಿ ಆರು ತಿಂಗಳಾತಲ್ಲ" ಎಂದ ಯಂಕೋಬ.

ಬೇವಿ ಎಂದರೆ ಕುಡಿ, ಬೆಲ್ಲಾ ಎಂದರೆ ಚೆಲುವೆ ಎಂದು ಅವನಿಗೆ ಸಂಜೆ, ಬಳ್ಳಾರಿಯಿಂದ ಜೊತೆಗೇ ಬಂದು ಅಲ್ಲಿಯ ನಾಲ್ಕು ಮಾತು ಕಲಿತಿದ್ದ ಪಂಜಾಬಿ ಜಮಾದಾರ ಹೇಳಿದ. ಎರಡನೆಯದನ್ನು ಯಂಕೋಬ ನಂಬಲಿಲ್ಲ. ಚಿಗರಿಯನ್ನು ಚೆಲುವೆ ಎಂದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಅದಕ್ಕೂ ಮಿಗಿಲಾದ ಸೋಜಿಗವೆಂದರೆ, ಚಿಗರಿ ಅಸುಂತವ್ವನನ್ನು ಕಚ್ಚಿರಲಿಲ್ಲ.

ಮರುದಿನವೂ ಅದೇ ಗ್ಲಾಸು, ಅದೇ ಬೇವಿ. ಯಂಕೋಬ ಕೈಮುಗಿದು ತಲೆಯಲ್ಲಾಡಿಸಿದ. ವಿಷವಿದೆಯೆಂದು ಹೆದರಿದ್ದಾನೆಂದುಕೊಂಡ ಮುದುಕಿ ತಾನೇ ಒಂದು ಗುಟುಕು ಕುಡಿದು ತೋರಿಸಿದಳು. ಅವನು ಮತ್ತೆ ಕೈಮುಗಿದ. ಎಂಜಲಾಯಿತೆಂದು ಹೊಸ ಗ್ಲಾಸು ತಂದಳು. ಮತ್ತೆ ಕೈಮುಗಿದ. ತನ್ನ ಮನೆಯ ಸೆರೆ ಇವನಿಗೆ ರುಚಿಸಲಿಲ್ಲವೆಂದು ಮುದುಕಿಯ ಮುಖ ಸಣ್ಣದಾಯಿತು. ಆ ಸುದ್ದಿ ಓಣಿಗೆ ಹಬ್ಬಿತು. ಹಿಂದೂಸ್ತಾನದಿಂದ ಒಬ್ಬ ಭಾರಿ ರುಚಿ ಬಲ್ಲವ ಬಂದಿದ್ದಾನೆ, ಅಸುಂತಾಳ ಸೆರೆಯನ್ನು ಬರೇ ವಾಸನೆ ನೋಡಿಯೇ ಇಟ್ಟುಬಿಟ್ಟನಂತೆ! ಮೂರನೆಯ ದಿನ ಬಲಗಡೆ ಮನೆಯವ ತನ್ನ ಅಜ್ಜನ ಕಾಲದ ಶೀಶೆ ತಂದ. ಎಡಗಡೆಯವ, ಬಲಗಡೆಯವನದ್ದು ಕುಡಿಯದಿದ್ದುದನ್ನು ನೋಡಿ ಹಿಗ್ಗಿ, ತನ್ನ ಮಗಳ ಮದುವೆಗೆಂದು ಹೂತಿಟ್ಟದ್ದನ್ನು ತಂದ. ಯಂಕೋಬ ಒಂದೊಂದಕ್ಕೂ ಕೈಮುಗಿದ. ನಾಲ್ಕನೆಯ ದಿನ ಅಸುಂತವ್ವನ ಅಂಗಳದಲ್ಲಿ ಹದಿನೇಳು ಮಂದಿ ಶೀಶೆ ಹಿಡಿದು ಸಾಲಾಗಿ ನಿಂತಿದ್ದರು.

ಜಮಾದಾರನಿಗೆ ಹೊಟ್ಟೆ ಉರಿಯಿತು. "ಅರೇ ಯಂಕೋಬ, ನೀನು ಕುಡಿಯದಿದ್ದರೆ ನನ್ನ ಕಡೆಗಾದರೂ ಬೆರಳು ತೋರಿಸಪ್ಪಾ" ಎಂದು ಹಿಂದೂಸ್ತಾನಿಯಲ್ಲಿ ಗೋಗರೆದ.

ಆಗ ಯಂಕೋಬನಿಗೆ ಒಂದು ಉಪಾಯ ಹೊಳೆಯಿತು. ಅಸುಂತವ್ವನ ಕೈ ಹಿಡಿದು ಚರ್ಚಿಗೆ ನಡೆದ. ಊರೆಲ್ಲ ಬೆನ್ನ ಹಿಂದೆ. ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದ. ಬೂಟು ಬಿಚ್ಚಿದ್ದನ್ನು ನೋಡಿಯೇ ಮುದುಕಿಯ ಕಣ್ಣು ಒದ್ದೆಯಾದವು. ಒಳಗೆ ನೀಲಿ ಸೆರಗಿನ ದೇವಿ, ತೊಡೆಯ ಮೇಲೆ ಕೂಸು. ಹುಲಿ ಎಲ್ಲಿದೆಯೆಂದು ಯಂಕೋಬ ಆಚೀಚೆ ಹುಡುಕಿದ, ಇರಲಿಲ್ಲ. ತಾಯಿ ಯಾರಾದರೇನು, ತಾಯಿ ತಾಯಿಯೇ ಎಂದುಕೊಂಡು ದೇವಿಯ ಕಡೆ ಬೆರಳು ತೋರಿಸಿದ, ತನ್ನ ಬಾಯಿಯ ಮೇಲೆ ಅಂಗೈ ಇಟ್ಟ, ಗಲ್ಲ ಗಲ್ಲ ಬಡಿದುಕೊಂಡ.

ಪಾದ್ರಿ ಜಾಣ. ತಟ್ಟನೆ ತಿಳಿಯಿತು. "ಹರಕೆ!" ಎಂದ ಅವರ ಭಾಷೆಯಲ್ಲಿ. ಜನ "ಓ!" ಎಂದರು. ಆದರೆ ಅಸುಂತವ್ವ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅಳತೊಡಗಿದಳು.

ಯಾಕೆಂದು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಮುದುಕಿ ಪಾದ್ರಿಗೆ, ಪಾದ್ರಿ ತನ್ನ ಮುರುಕು ಇಂಗ್ಲಿಷಿನಲ್ಲಿ ಜಮಾದಾರನಿಗೆ, ಜಮಾದಾರ ಹಿಂದೂಸ್ತಾನಿಯಲ್ಲಿ ಯಂಕೋಬನಿಗೆ ಹೇಳಬೇಕು. ಸಂಗತಿ ಇಷ್ಟು. ಅಸುಂತವ್ವನಿಗೆ ಒಬ್ಬನೇ ಮಗ, ಪಿಯೆತ್ರೊ. ಮೂರು ವರ್ಷದ ಹಿಂದೆ ಆಫ್ರಿಕದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ. ಈಗ ಹಿಂದೂಸ್ತಾನದಲ್ಲಿ, ಬೆಂಗಳೂರಿನ ಕ್ಯಾಂಪಿನಲ್ಲಿದ್ದಾನೆ. ಮುದುಕಿ ಮದೊನ್ನಾ ತಾಯಿಗೆ ಹರಕೆ ಹೊತ್ತಿದ್ದಳು: ಹಿಂದೂಸ್ತಾನದಿಂದ ಯಾರು ತನ್ನ ಬಾಗಿಲಿಗೆ ಬಂದರೂ ಅವರಿಗೆ ಈ ವರ್ಷದ ಹೊಸ ಸೆರೆಯನ್ನು ಎಲ್ಲರಿಗಿಂತ ಮೊದಲು ಕುಡಿಸುತ್ತೇನೆ, ಅಲ್ಲಿ ನನ್ನ ಮಗನ ಬಾಯಿಗೆ ಯಾರಾದರೂ ನೀರು ಬಿಡಲಿ, ಅವನು ತಿರುಗಿ ಬರಲಿ. ಈಗ ಕೊಡುತ್ತಿದ್ದದ್ದು ಹಳೆಯದು, ಬರೇ ಪರಿಚಯಕ್ಕೆ. ಹೊಸದು ಇನ್ನೂ ತೊಟ್ಟಿಯಲ್ಲಿ ಹುಳಿಯುತ್ತಿತ್ತು.

ಹೀಗೆ ಎರಡು ಹರಕೆಗಳು ಕಿರುಓಣಿಯಲ್ಲಿ ಎದುರುಬದುರು ಬಂದು ನಿಂತವು. ಒಂದು ಕುಡಿಯಲೇಬೇಕೆನ್ನುತ್ತದೆ, ಇನ್ನೊಂದು ಕುಡಿಯಲೇಬಾರದೆನ್ನುತ್ತದೆ.

"ತುಕಡಿಯೊಳಗ ಇನ್ನೂರು ಮಂದಿ ಹಿಂದೂಸ್ತಾನದವರು ಅದಾರಲ್ಲ, ಅವರಿಗೆ ಯಾರಿಗರ ಕುಡಸು ಯವ್ವಾ" ಎಂದ ಯಂಕೋಬ. ಜಮಾದಾರ ಇದನ್ನು ಬಹಳ ಉತ್ಸಾಹದಿಂದ ಪಾದ್ರಿಗೆ ದಾಟಿಸಿದ. ಮುದುಕಿ ಒಪ್ಪಲಿಲ್ಲ. ಬಾಗಿಲಿಗೆ ಮೊದಲು ಬಂದವನು ಇವನು. ದೇವರ ಹತ್ತಿರ ಮಾತು ಬದಲಿಸಲಾಗುತ್ತದೆಯೇ? ಪಾದ್ರಿ ದಾಡಿ ಕೆರೆದುಕೊಂಡು, ಭಾನುವಾರ ಹೇಳುತ್ತೇನೆಂದ.

ಅಷ್ಟರವರೆಗೆ ಅಸುಂತವ್ವ ಯಂಕೋಬನಿಗೆ ಸೆರೆ ಕೊಡುವುದನ್ನು ಬಿಟ್ಟು ಊಟ ಕೊಟ್ಟಳು. ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ತಿರುವಿ ಹಲಗೆಯ ಮೇಲೆ ಸುರಿದಳು. ತನ್ನೂರಿನ ಮುದ್ದೆ, ಸಂಗಟಿ! ಯಂಕೋಬ ಕೈಹಾಕಿ ಉಂಡ. ಅವಳು ಮಗನ ಫೋಟೋ ತಂದು ತೋರಿಸಿ, "ಬಂಗಾಲೋರೆ?" ಎಂದಳು. ಯಂಕೋಬ ಬೆಂಗಳೂರನ್ನು ಕಂಡವನಲ್ಲ. ಆದರೂ ಫೋಟೋವನ್ನು ಬಹಳ ಹೊತ್ತು ನೋಡಿ, ಹೌದು ಹೌದು ಎಂದು ತಲೆಯಾಡಿಸಿದ. ಹೊಟ್ಟೆ ಸವರಿ, ಕೆನ್ನೆ ಉಬ್ಬಿಸಿ, ನಿನ್ನ ಮಗ ಉಂಡು ದಪ್ಪಗಾಗಿದ್ದಾನೆ ಎಂದು ತೋರಿಸಿದ. ಇದು ಸುಳ್ಳು, ಆದರೆ ಸುಳ್ಳಿನ ಮೇಲೆ ಆಣೆ ಮಾಡಿಸಿರಲಿಲ್ಲ ಹೊಳಿಯಮ್ಮ. ದಿನವೂ ಸಂಜೆ ಮುದುಕಿ ಗೋಡೆಯ ಮೇಲಿನ ದೇವಿಯ ಮುಂದೆ ನಿಂತು "ತೊರ್ನಾ, ತೊರ್ನಾ" ಎನ್ನುತ್ತಿದ್ದಳು. ತಿರುಗಿ ಬಾ, ತಿರುಗಿ ಬಾ. ಅದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಶನಿವಾರ ಮಧ್ಯಾಹ್ನ ಯಂಕೋಬ ಉಂಡು ಗೋಡೆಗೆ ಒರಗಿದ್ದ. ಚಿಗರಿಯನ್ನು ತೊಟ್ಟಿಯ ಕೋಣೆಯ ಬಾಗಿಲಿಗೆ ಕಟ್ಟಿದ್ದ. ಗಂಟು ಸಡಿಲಿತ್ತೋ, ಚಿಗರಿ ಬಿಚ್ಚಿತೋ, ಅದು ಒಳಗೆ ಹೋಗಿ ತೊಟ್ಟಿಗೆ ಮೂತಿ ಇಟ್ಟಿತು. ದ್ರಾಕ್ಷಿಯ ಚರಟವನ್ನು ತಿಂದಿತು, ಅದರಡಿಯ ಹೊಸ ಸೆರೆಯನ್ನು ಕುಡಿಯಿತು, ಸಾಕಾಗುವವರೆಗೆ ಕುಡಿಯಿತು, ಆಮೇಲೂ ಕುಡಿಯಿತು. ಹೊರಗೆ ಬಂದಾಗ ಅದರ ನಾಲ್ಕು ಕಾಲಿಗೂ ಒಮ್ಮತವಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಚಿಗರಿ ಓಡಿತು. ಓಣಿ ಇಳಿದು ಊರ ನಡುವಿನ ಚೌಕಕ್ಕೆ ಬಂದು, ಚರ್ಚಿನ ಗಂಟೆ ಬಾರಿಸುತ್ತಿದ್ದಂತೆ ಅದಕ್ಕೆ ಎದುರು ದನಿ ತೆಗೆದು ಕೂಗಿ, ಆಗಷ್ಟೇ ಬಂದು ನಿಂತಿದ್ದ ಕರ್ನಲ್ ಸಾಹೇಬರ ಜೀಪಿನ ಮುಂದೆ ನಾಲ್ಕು ಕಾಲು ಚಾಚಿ ಮಲಗಿಬಿಟ್ಟಿತು.

ಹಿಂದಿನಿಂದ ಏದುಸಿರು ಬಿಡುತ್ತ ಬಂದ ಯಂಕೋಬನನ್ನು ಅಲ್ಲೇ ನಿಲ್ಲಿಸಿ ವಿಚಾರಣೆ ಶುರುವಾಯಿತು. ಕಪ್ತಾನನ ಮುಖ ಕೆಂಪಾಗಿತ್ತು. ಜಮಾದಾರ ಸೆಟೆದು ನಿಂತು ಮಾತು ದಾಟಿಸಿದ.

"ಸಾಹೇಬರು ಕೇಳುತ್ತಾರೆ, ಡ್ಯೂಟಿಯ ಮೇಲೆ ಕುಡಿದವರು ಯಾರು?"

"ಹೇಸರಗತ್ತಿರಿ."

"ನೀನು ಕುಡಿದಿಲ್ಲವೇ?"

"ನಾ ಆಣಿ ಮಾಡೇನ್ರಿ. ಅದು ಮಾಡಿಲ್ರಿ."

ಜಮಾದಾರ ಬಗ್ಗಿ ಯಂಕೋಬನ ಬಾಯಿ ಮೂಸಿದ, ಚಿಗರಿಯ ಬಾಯಿ ಮೂಸಿದ. ಮೂಸಿದ್ದಕ್ಕೆ ಚಿಗರಿ ಮಲಗಿದಲ್ಲಿಂದಲೇ ಅವನ ಪಟಕಾದ ತುದಿ ಕಚ್ಚಿತು. "ಸಿಪಾಯಿ ಖಾಲಿ, ಜಾನ್ವಾರ್ ಫುಲ್ ಸಾಬ್" ಎಂದ ಜಮಾದಾರ. ಕರ್ನಲ್ ಸಾಹೇಬರು ಜೀಪಿನಲ್ಲಿ ಕೂತು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಕೆಮ್ಮುತ್ತಿದ್ದರೋ ತಿಳಿಯಲಿಲ್ಲ.

ಅಷ್ಟರಲ್ಲಿ ಅಸುಂತವ್ವ ಕೂಗುತ್ತ ಬಂದಳು. ವರ್ಷದ ಹೊಸ ಸೆರೆ, ಯಾರೂ ಮುಟ್ಟದ ತೊಟ್ಟಿ, ಹೇಸರಗತ್ತೆ ಎಂಜಲು ಮಾಡಿತು! ಬಾಯಿಗೆ ಬಂದಂತೆ ಬೈಯುತ್ತಿದ್ದವಳ ತೋಳನ್ನು ಪಾದ್ರಿ ಹಿಡಿದ. ಅವನ ಮುಖದಲ್ಲಿ ಏನೋ ಹೊಳೆದಂತಿತ್ತು. ಕಪ್ತಾನನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ: ಈ ಪ್ರಾಣಿ ಯಾವ ದೇಶದ್ದು?

ಕಪ್ತಾನ ದಫ್ತರ ತರಿಸಿ, ಚಿಗರಿಯ ಗೊರಸಿನ ಮೇಲಿನ ನಂಬರು ನೋಡಿ ಹೇಳಿದ: ಬಳ್ಳಾರಿಯಲ್ಲಿ ಕೊಂಡದ್ದು.

"ಬಳ್ಳಾರಿ ಅಲ್ರಿ, ಹುಲಿಹೈದರ! ಸ್ವಂತ ನಮ್ಮ ಮನ್ಯಾಗ ಹುಟ್ಟಿದ್ದು" ಎಂದ ಯಂಕೋಬ, ಅವಮಾನವಾದವನಂತೆ.

ಪಾದ್ರಿ ಎರಡೂ ಕೈ ಮೇಲೆತ್ತಿದ. ಹಿಂದೂಸ್ತಾನದಿಂದ ಯಾರು ನಿನ್ನ ಬಾಗಿಲಿಗೆ ಬಂದರೂ ಎಂದಲ್ಲವೇ ನೀನು ಹರಕೆ ಹೊತ್ತದ್ದು ಅಸುಂತಾ? ಮನುಷ್ಯನೇ ಆಗಬೇಕೆಂದು ಹೇಳಿದ್ದೆಯಾ? ಮುದುಕಿ ಬೈಗುಳ ನಿಲ್ಲಿಸಿದಳು. ಯೋಚಿಸಿದಳು. ಹೇಳಿರಲಿಲ್ಲ. ಇವನಿಗಿಂತ ಒಂದು ಹೆಜ್ಜೆ ಮುಂದೆಯೇ ಅಲ್ಲವೇ ಅದು ನಿನ್ನ ಬಾಗಿಲಿಗೆ ಬಂದದ್ದು? ಮುಂದೆಯೇ ಬಂದಿತ್ತು. ಎಲ್ಲರಿಗಿಂತ ಮೊದಲು ಕುಡಿಯಿತಲ್ಲವೇ? ಕುಡಿದದ್ದಕ್ಕೆ ಊರೆಲ್ಲ ಸಾಕ್ಷಿ. ಅಸುಂತವ್ವ ಚೌಕದ ಕಲ್ಲಿನ ಮೇಲೆ ಮಂಡಿಯೂರಿ ಚಿಗರಿಯ ಹಣೆಗೆ ಮುತ್ತಿಟ್ಟು "ಬೆಲ್ಲಾ, ಬೆಲ್ಲಾ" ಎಂದು ಅತ್ತಳು, ನಕ್ಕಳು. ಚಿಗರಿ ಗೊರಕೆ ಹೊಡೆಯುತ್ತಿತ್ತು.

ಶಿಕ್ಷೆಯಂತೂ ತಪ್ಪಲಿಲ್ಲ. ಹೇಸರಗತ್ತೆಗೆ ಎರಡು ದಿನ ವಿಶ್ರಾಂತಿ, ಅದು ಹೊರಬೇಕಾದ ನೀರನ್ನು ಅದರ ಒಡೆಯ ಹೊರತಕ್ಕದ್ದು ಎಂದು ಕಪ್ತಾನ ಬರೆದ. ಎರಡು ದಿನ ಯಂಕೋಬ ನೀರಿನ ಡಬ್ಬಿ ಹೊತ್ತು ಗುಡ್ಡ ಹತ್ತಿದ. ಹದಿನೇಳು ಶೀಶೆಯವರು ಸರದಿಯ ಮೇಲೆ ಬಂದು ಡಬ್ಬಿಗೆ ಹೆಗಲು ಕೊಟ್ಟರು.

ಮರುವರ್ಷ ಯುದ್ಧ ಮುಗಿಯಿತು. ಹೇಸರಗತ್ತೆಗಳನ್ನು ಹಡಗಿನಲ್ಲಿ ವಾಪಸು ಒಯ್ಯುವುದಿಲ್ಲ, ಅಲ್ಲಿನ ರೈತರಿಗೇ ಕೊಟ್ಟುಬಿಡುತ್ತಾರೆಂದು ಗೊತ್ತಾದಾಗ ಯಂಕೋಬ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಕಪ್ತಾನನ ಮುಂದೆ ನಿಂತು ಒಂದೇ ಮಾತು ಕೇಳಿಕೊಂಡ: ಕೊಡುವುದಾದರೆ ಮೊಂಟಪ್ಪನಗುಡ್ಡದ ಅಸುಂತವ್ವನಿಗೆ ಕೊಡಿ, ಉಳಿದವರನ್ನು ಅದು ಕಚ್ಚುತ್ತದೆ. ಕಪ್ತಾನನಿಗೆ ಚೌಕದ ಸಂಗತಿ ಮರೆತಿರಲಿಲ್ಲ. ಲಾರಿ ಕೊಟ್ಟು ಕಳಿಸಿದ. ಮುದುಕಿಯ ಅಂಗಳದಲ್ಲಿ ಹಗ್ಗ ಒಪ್ಪಿಸುವಾಗ ಯಂಕೋಬ ಚಿಗರಿಯ ಕಿವಿಯಲ್ಲಿ, "ಛಲೋತ್ನ್ಯಾಗ ಇರವಾ. ಹೆಚ್ಚು ಕುಡೀಬ್ಯಾಡ" ಎಂದ. ಚಿಗರಿ ಅವನ ತೋಳನ್ನು ಹಲ್ಲಿನಲ್ಲಿ ಹಿಡಿದು, ಕಚ್ಚದೆ, ಸುಮ್ಮನೆ ಹಿಡಿದುಕೊಂಡು ನಿಂತಿತು. ಬಿಡಿಸಿಕೊಳ್ಳುವುದಕ್ಕೆ ಅವನಿಗೆ ಬಹಳ ಹೊತ್ತಾಯಿತು.

ನಲವತ್ತಾರರಲ್ಲಿ ಹುಲಿಹೈದರಕ್ಕೆ ಬಂದಾಗ ಹೊಳಿಯಮ್ಮ ಮೊದಲು ಅವನ ಕೈಕಾಲು ಎಣಿಸಿದಳು, ಆಮೇಲೆ ಬಾಯಿ ಮೂಸಿದಳು.

"ಕುಡದ್ರೇನು?"

"ನಾ ಕುಡೀಲಿಲ್ಲ. ಚಿಗರಿ ಕುಡೀತು."

"ಕುಡದಾರು ಎಲ್ಲಾರೂ ಮತ್ತೊಬ್ಬರ ಹೆಸರ ಹೇಳತಾರ" ಎಂದಳು. ಪೂರ್ತಿ ಕತೆ ನಂಬುವುದಕ್ಕೆ ಅವಳಿಗೆ ಒಂದು ವರ್ಷ ಹಿಡಿಯಿತು. ಯಂಕೋಬ ಬೇರೆ ಎರಡು ತಟ್ಟು ಕುದುರೆ ಕೊಂಡು ಮತ್ತೆ ಹೇರು ಹೊಡೆಯತೊಡಗಿದ.

ನಲವತ್ತೇಳರ ಚಳಿಗಾಲದಲ್ಲಿ ಒಂದು ಲಕೋಟೆ ಬಂತು. ಎಲ್ಲೆಲ್ಲೋ ಸುತ್ತಿ ಹದಿಮೂರು ಠಸ್ಸೆ ಬಿದ್ದಿತ್ತು. ಇಂಗ್ಲಿಷ್ ಅಕ್ಷರ ಬಲ್ಲ ವಿರೂಪಾಕ್ಷಪ್ಪ ಮಾಸ್ತರರನ್ನು ಮನೆಗೆ ಕರೆಸಿದರು. ಮಾಸ್ತರರು ಕನ್ನಡಕ ಏರಿಸಿ, ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಒಂದು ಶಬ್ದವೂ ಅವರಿಗೆ ತಿಳಿಯಲಿಲ್ಲ.

"ಪಿಯೆತ್ರೊ... ತೊರ್ನಾತೊ..."

"ಬಂದಾನ! ಮಗ ತಿರುಗಿ ಬಂದಾನ!" ಯಂಕೋಬ ಎದ್ದು ನಿಂತ.

"ತಡೀಯಪಾ. ಮುಂದ ಮೂಲಾ, ಮೂಲಾ ಅಂತ ನಾಕ್ಕು ಸಲ ಬರದಾರ. ಪಾಪ, ಆ ಮುದುಕಿಗೆ ಮೂಲವ್ಯಾಧಿ ಆಗೇತೇನೋ."

"ಮೂಲಾ ಅಂದ್ರ ಹೇಸರಗತ್ತಿರಿ ಮಾಸ್ತರ!"

ಲಕೋಟೆಯೊಳಗೆ ಒಂದು ಫೋಟೋ ಇತ್ತು. ನಡುವೆ ಅಸುಂತವ್ವ. ಒಂದು ಬದಿಗೆ ಚಿಗರಿ, ದಷ್ಟಪುಷ್ಟವಾಗಿ. ಇನ್ನೊಂದು ಬದಿಗೆ, ಚಿಗರಿಯಿಂದ ಸಾಕಷ್ಟು ದೂರದಲ್ಲಿ, ಮೂವತ್ತರ ಒಬ್ಬ ಗಂಡಸು. ಅವನ ಬಲಗೈಗೆ ಬೆರಳಿನಿಂದ ಮೊಣಕೈಯವರೆಗೆ ಬಿಳಿ ಪಟ್ಟಿ ಸುತ್ತಿತ್ತು. ಹೊಳಿಯಮ್ಮ ಫೋಟೋ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಅವತ್ತು ಗಂಡನ ಕತೆಯನ್ನು ಅವಳು ಪೂರ್ತಿ ನಂಬಿದಳು.

"ಮಾಸ್ತರ, ಉತ್ತರ ಬರೀರಿ" ಎಂದಳು. "ಕಚ್ಚಿದ್ದಕ್ಕ ಸಿಟ್ಟಾಗಬ್ಯಾಡ ಅಂತ ಹೇಳ್ರಿ. ಗಾಯಕ್ಕ ಅರಿಷಿಣ ಎಣ್ಣಿ ಹಚ್ಚಂತ ಹೇಳ್ರಿ. ಮಗಗ ಲಗೂನ ಮದಿವಿ ಮಾಡಂತ ಹೇಳ್ರಿ."

"ಬರೀತೀನವಾ, ಆದ್ರ ಯಾವ ಭಾಷಾದಾಗ ಬರೀಲಿ? ಆಕಿದು ನನಗ ಬರೂದಿಲ್ಲ."

"ಕನ್ನಡದಾಗ ಬರೀರಿ" ಎಂದಳು ಹೊಳಿಯಮ್ಮ, ಇದೆಂಥ ಪ್ರಶ್ನೆ ಎಂಬಂತೆ. "ಆಕೀದು ನಾವು ತಿಳಕೊಳ್ಳಲಿಲ್ಲೇನು? ನಮ್ಮದು ಆಕಿ ತಿಳಕೊಂತಾಳ."

ಮಾಸ್ತರರು ಕನ್ನಡದಲ್ಲೇ ಬರೆದರು. ಅರಿಷಿಣ ಎಷ್ಟು, ಎಣ್ಣೆ ಎಷ್ಟು ಎಂಬುದನ್ನೂ ಬಿಡದೆ ಎರಡು ಹಾಳೆ ತುಂಬಿಸಿದರು. ಮರುದಿನ ಯಂಕೋಬ ಉಪ್ಪಿನ ಹೇರಿಗೆಂದು ಗಂಗಾವತಿಗೆ ಹೋದವನು ಮೊದಲು ಟಪಾಲು ಕಚೇರಿಗೆ ಹೋಗಿ ಅದನ್ನು ಡಬ್ಬಿಗೆ ಹಾಕಿದ.